1094 ಎಂಬ ಅಂಕಿ: ಕರಾವಳಿಯ ಜನಗಣತಿ ಮತ್ತು ನಮ್ಮ ಸಂಶೋಧನೆ

ಕನ್ನಡ ವಿಭಾಗಗಳಲ್ಲಿ ಸಿದ್ಧವಾಗುವ ಮಹಾಪ್ರಬಂಧಗಳಿಗೆ ಒಂದು ನಿಶ್ಚಿತ ಪ್ರವೇಶದ್ವಾರವಿದೆ. ವಿಷಯ ಜಾನಪದವಾಗಿರಲಿ, ಶಾಸನವಾಗಿರಲಿ, ಸ್ತ್ರೀವಾದಿ ಕಾದಂಬರಿಯಾಗಿರಲಿ, ಮೊದಲ ಅಧ್ಯಾಯ ‘ಪ್ರಾದೇಶಿಕ ಹಿನ್ನೆಲೆ’. ಅದರಲ್ಲಿ ಮಳೆಯ ಪ್ರಮಾಣ, ಮಣ್ಣಿನ ಬಗೆ, ನದಿಗಳ ಹೆಸರು, ಕೊನೆಗೆ ಜನಗಣತಿಯ ಕೋಷ್ಟಕ. ಕೋಷ್ಟಕವನ್ನು ನಕಲು ಮಾಡಿ ಅಲ್ಲಿಯೇ ಮರೆತುಬಿಟ್ಟರೆ ದೊಡ್ಡ ಬಾಧಕವಿಲ್ಲ. ನಾಲ್ಕನೆಯ ಅಧ್ಯಾಯದಲ್ಲಿ ಅದನ್ನು ನೆನಪಿಸಿಕೊಂಡು ಸಿದ್ಧಾಂತವೊಂದನ್ನು ಹಿಂಡಲು ಹೊರಟಾಗ ಅನರ್ಥ ಆರಂಭವಾಗುತ್ತದೆ.

ಕರಾವಳಿಯನ್ನು ಕುರಿತ ಬರವಣಿಗೆಯಲ್ಲಿ ಈ ಅನರ್ಥದ ಮೂಲ 1094 ಎಂಬ ಅಂಕಿ. 2011ರ ಗಣತಿಯಂತೆ ಉಡುಪಿ ಜಿಲ್ಲೆಯಲ್ಲಿ 1000 ಗಂಡಸರಿಗೆ 1094 ಹೆಂಗಸರು. ದಕ್ಷಿಣ ಕನ್ನಡದಲ್ಲಿ 1020. ಇಡೀ ರಾಜ್ಯದ ಸರಾಸರಿ 973. ಇದರ ಬೆನ್ನಿಗೇ ಒಂದು ವಾಕ್ಯ ಬರುತ್ತದೆ: ಅಳಿಯಸಂತಾನ ಪದ್ಧತಿಯಿಂದಾಗಿ ಇಲ್ಲಿ ಹೆಣ್ಣಿಗೆ ಉನ್ನತ ಸ್ಥಾನವಿದ್ದು, ಲಿಂಗಾನುಪಾತವೇ ಅದಕ್ಕೆ ಸಾಕ್ಷಿ. ಈ ವಾಕ್ಯವನ್ನು ನಾನು ಇಷ್ಟು ಸಲ ಓದಿದ್ದೇನೆ ಎಂದರೆ, ಅದನ್ನು ಮೊದಲು ಬರೆದವರು ಯಾರೆಂಬ ಪ್ರಶ್ನೆಯೇ ಅಪ್ರಸ್ತುತವಾಗಿದೆ.

ಸಾಕ್ಷಿಯನ್ನು ಪರೀಕ್ಷಿಸೋಣ. ಅದೇ ಉಡುಪಿಯ ಅನುಪಾತ 2001ರಲ್ಲಿ 1130 ಇತ್ತು. ಲಿಂಗಾನುಪಾತವು ಸ್ಥಾನಮಾನದ ಅಳತೆಗೋಲಾದರೆ, ಹತ್ತೇ ವರ್ಷಗಳಲ್ಲಿ ಉಡುಪಿಯ ಹೆಂಗಸರ ಸ್ಥಾನ ಕುಸಿಯಿತು ಎಂದೂ ಬರೆಯಬೇಕಾಗುತ್ತದೆ. ಹಾಗೆ ಬರೆದವರನ್ನು ನಾನು ಕಾಣೆ. ಇನ್ನು, ಕೊಂಕಣದ ರತ್ನಾಗಿರಿ ಜಿಲ್ಲೆಯ ಅನುಪಾತ 2011ರಲ್ಲಿ ಉಡುಪಿಗಿಂತಲೂ ಹೆಚ್ಚು, 1122. ಅಲ್ಲಿ ಅಳಿಯಸಂತಾನದ ಸುಳಿವೂ ಇಲ್ಲ. ಇದೇ ಕಡಲ ದಂಡೆಯ ಉತ್ತರ ಕನ್ನಡದಲ್ಲಿ ಅದು 1000ವನ್ನು ಮುಟ್ಟುವುದಿಲ್ಲ. ಆರು ವರ್ಷದೊಳಗಿನ ಮಕ್ಕಳನ್ನಷ್ಟೇ ಎಣಿಸಿದರೆ ಉಡುಪಿಯ ಅಂಕಿಯೂ 960ರ ಕೆಳಗಿಳಿಯುತ್ತದೆ. ಅಂದಮೇಲೆ ಅಲ್ಲಿ ಹೆಣ್ಣುಮಕ್ಕಳು ಹೆಚ್ಚು ಹುಟ್ಟಲಿಲ್ಲ. ಬೆಳೆದ ಗಂಡಸರು ಊರಿನಲ್ಲಿಲ್ಲ.

ಅವರೆಲ್ಲಿದ್ದಾರೆ ಎಂಬುದಕ್ಕೆ ಗಣತಿಯ ನಿಯಮವೇ ಉತ್ತರ ಕೊಡುತ್ತದೆ. ಎಣಿಕೆ ನಡೆಯುವುದು ಫೆಬ್ರುವರಿ ತಿಂಗಳ ಸುಮಾರು ಮೂರು ವಾರಗಳಲ್ಲಿ. ಆ ಅವಧಿಯುದ್ದಕ್ಕೂ ಮನೆಯಿಂದ ಹೊರಗಿದ್ದವರನ್ನು ಮನೆಯ ಲೆಕ್ಕಕ್ಕೆ ಸೇರಿಸುವುದಿಲ್ಲ. ಮುಂಬಯಿಯ ಹೋಟೆಲಿನಲ್ಲಿ ದುಡಿಯುವ ಕುಂದಾಪುರದವನು ಮುಂಬಯಿಯ ಲೆಕ್ಕಕ್ಕೆ ಹೋಗುತ್ತಾನೆ. ಕೊಲ್ಲಿ ದೇಶದಲ್ಲಿರುವ ಕಾಪುವಿನವನು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅದೇ ಫೆಬ್ರುವರಿಯಲ್ಲಿ ನಮ್ಮ ಮಸಗುಪ್ಪಿಯ ಕಡೆ, ಗೋಕಾಕ-ಮೂಡಲಗಿಯ ಹೊಲಗಳಲ್ಲಿ, ಕಬ್ಬು ಕಡಿಯುವ ಗ್ಯಾಂಗುಗಳು ಗುಡಿಸಲು ಹಾಕಿಕೊಂಡಿರುತ್ತವೆ. ಒಂದು ಜಿಲ್ಲೆಯ ಅಂಕಿಯನ್ನು ಇನ್ನೊಂದರ ಪಕ್ಕಕ್ಕಿಟ್ಟು ಸಂಸ್ಕೃತಿಯ ತಾರತಮ್ಯ ಹೇಳುವವರು, ಆ ತಿಂಗಳಲ್ಲಿ ಯಾರು ಎಲ್ಲಿದ್ದರು ಎಂಬುದನ್ನು ಮೊದಲು ಕೇಳಬೇಕು.

ವಿಷಾದದ ಸಂಗತಿಯೆಂದರೆ, ಇದನ್ನು ತಿಳಿಯಲು ಸಾಹಿತ್ಯದ ವಿದ್ಯಾರ್ಥಿ ಸಂಖ್ಯಾಶಾಸ್ತ್ರ ಕಲಿಯಬೇಕಾಗಿರಲಿಲ್ಲ. ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯನ್ನು ಅವನು ಪಠ್ಯವಾಗಿ ಓದಿರುತ್ತಾನೆ. ಓದು, ಉದ್ಯೋಗಗಳ ಹೆಸರಿನಲ್ಲಿ ಗಂಡಸರು ಊರು ಬಿಟ್ಟು ಹೋಗುವುದು, ಉಪ್ಪುನೀರಿನ ಗದ್ದೆಯನ್ನೂ ಮನೆಯನ್ನೂ ಪಾರೋತಿ, ಸರಸೋತಿ, ನಾಗವೇಣಿಯರು ಹೊತ್ತು ನಿಲ್ಲುವುದು ಆ ಕಾದಂಬರಿಯ ಹೂರಣ. ಅದು ಅಳಿಯಸಂತಾನದ ಮನೆಯಲ್ಲ, ಐತಾಳರ ಬ್ರಾಹ್ಮಣ ಮನೆ. ಅಲ್ಲಿ ಹೆಂಗಸರು ಹೆಚ್ಚಿರುವುದು ಅಧಿಕಾರದ ಗುರುತಲ್ಲ, ದುಡಿಮೆಯ ಹೊರೆ. ನಾಗವೇಣಿಯನ್ನು ಬಲ್ಲವನು 1094ರ ಮುಂದೆ ಕೈಮುಗಿಯಲಾರ. ಆದರೆ ನಮ್ಮ ಪ್ರಬಂಧಗಳಲ್ಲಿ ಕಾದಂಬರಿ ಒಂದು ಅಧ್ಯಾಯ, ಕೋಷ್ಟಕ ಇನ್ನೊಂದು ಅಧ್ಯಾಯ. ಎರಡಕ್ಕೂ ಮಾತುಕತೆಯೇ ಇಲ್ಲ.

ಕಾಲಾನುಕ್ರಮದ ಹೋಲಿಕೆಗಳ ಸ್ಥಿತಿ ಇದಕ್ಕಿಂತ ಕೆಟ್ಟದ್ದು. 1862ರಲ್ಲಿ ಉತ್ತರ ಕನ್ನಡವು ಮುಂಬಯಿ ಪ್ರಾಂತ್ಯಕ್ಕೆ ಸೇರಿತು, ದಕ್ಷಿಣ ಕನ್ನಡ ಮದರಾಸಿನಲ್ಲಿಯೇ ಉಳಿಯಿತು. ಹಾಗಾಗಿ ವಸಾಹತು ಕಾಲದ ಗಣತಿಗಳಲ್ಲಿ ಕಾರವಾರವು ನಮ್ಮ ಬೆಳಗಾವಿಯ ಜೊತೆ ಒಂದು ವರದಿಯಲ್ಲಿದೆ, ಮಂಗಳೂರು ಬೇರೊಂದರಲ್ಲಿ. ಜಾತಿಗಳನ್ನು ಹೆಸರಿಸಿ ವಿಂಗಡಿಸಿದ ಅಧಿಕಾರಿಗಳೂ ಬೇರೆ ಬೇರೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಹೋಯಿತು. 1997ರಲ್ಲಿ ಉಡುಪಿ ಪ್ರತ್ಯೇಕ ಜಿಲ್ಲೆಯಾಯಿತು. ಇದನ್ನೆಲ್ಲ ಮರೆತು 1931ರ ‘ದಕ್ಷಿಣ ಕನ್ನಡ’ವನ್ನು 2011ರ ‘ದಕ್ಷಿಣ ಕನ್ನಡ’ದೊಡನೆ ಹೋಲಿಸುವುದು, ಹೆಸರೊಂದೇ ಎಂಬ ಕಾರಣಕ್ಕೆ ಇಬ್ಬರು ಅರಸರನ್ನು ಒಬ್ಬನೆಂದು ತಿಳಿದಂತೆ. ಶಾಸನದಲ್ಲಿ ಅಂಥ ತಪ್ಪು ಮಾಡಿದ ವಿದ್ಯಾರ್ಥಿಯನ್ನು ನಾವು ಸುಮ್ಮನೆ ಬಿಡುವುದಿಲ್ಲ. ತಿಥಿ ಸರಿಯೇ, ಕಲ್ಲು ಒಡೆದಿದೆಯೇ, ಪಾಠ ಯಾರದು ಎಂದು ಕೇಳುತ್ತೇವೆ. ಕೋಷ್ಟಕವೂ ಒಂದು ಪಾಠವೇ ತಾನೆ? ಅದಕ್ಕೂ ಲಿಪಿಕಾರನಿದ್ದಾನೆ, ಪಾಠಾಂತರಗಳಿವೆ.

ನಮ್ಮವರನ್ನು ಬಿಟ್ಟು ಪರರನ್ನು ಮಾತ್ರ ಆಕ್ಷೇಪಿಸುವುದು ನ್ಯಾಯವಲ್ಲ. 2011ರ ಭಾಷಾ ಕೋಷ್ಟಕದಲ್ಲಿ ಕನ್ನಡದ 4,37,06,512 ಜನರೊಳಗೆ ‘ಪ್ರಾಕೃತ’ವನ್ನು ಮಾತೃಭಾಷೆಯೆಂದು ಹೇಳಿದ 12,257 ಜನ ಅಡಕವಾಗಿದ್ದಾರೆ. ಜೈನ ಸಾಹಿತ್ಯದ ಅಭ್ಯಾಸಿಗೆ ಇದು ರೋಮಾಂಚನಕಾರಿ. ಆಗಮಗಳ ಭಾಷೆ ಇನ್ನೂ ಮನೆಮಾತಾಗಿ ಬದುಕಿದೆ ಎಂದು ಬರೆಯಲು ಕೈ ತುರಿಸುತ್ತದೆ. ಬರೆಯಬಾರದು. ಎಣಿಕೆದಾರನು ದಾಖಲಿಸುವುದು ಮನೆಯವರು ಹೇಳಿದ ಹೆಸರನ್ನು. ಆ ಹೆಸರಿನಿಂದ ವ್ಯಾಕರಣ ಹುಟ್ಟುವುದಿಲ್ಲ.

ಗಣತಿಯೇ ನಿರರ್ಥಕವೆಂಬ ಮಾತಲ್ಲ ಇದು. ನಿಜವಾಗಿ ಮಾತನಾಡುವ ಅಂಕಿಯ ಮುಂದೆ ನಾವು ಕಿವುಡರಾಗಿದ್ದೇವೆ ಎಂಬುದೇ ನನ್ನ ದೂರು. ಕರ್ನಾಟಕದ ಕೊರಗರ ಸಂಖ್ಯೆ 2001ರಲ್ಲಿ 16,071 ಇದ್ದದ್ದು 2011ಕ್ಕೆ 14,794ಕ್ಕೆ ಇಳಿಯಿತು. ಅಜಲು ಪದ್ಧತಿಯನ್ನು ನಿಷೇಧಿಸುವ ಕಾನೂನು ಬಂದದ್ದು 2000ದಲ್ಲಿ. ಕಾನೂನು ಬಂದ ನಂತರದ ದಶಕದಲ್ಲಿಯೇ ಒಂದು ಸಮುದಾಯ ಹೀಗೆ ಕರಗಿದೆ. ಸಾಕ್ಷರತೆಯಲ್ಲೂ ಬ್ಯಾಂಕುಗಳಲ್ಲೂ ಆಸ್ಪತ್ರೆಗಳಲ್ಲೂ ರಾಜ್ಯಕ್ಕೆ ಮಾದರಿಯೆಂದು ಹೊಗಳಿಸಿಕೊಳ್ಳುವ ಜಿಲ್ಲೆಗಳ ನಡುವೆ ಇದು ನಡೆದಿದೆ. 1094ರ ಬಗ್ಗೆ ಪುಟಗಟ್ಟಲೆ ಬರೆದವರು ಈ ಇಳಿಕೆಗೆ ಒಂದು ಸಾಲನ್ನು, ಅದನ್ನೂ ‘ಬುಡಕಟ್ಟುಗಳು’ ಎಂಬ ಉಪಶೀರ್ಷಿಕೆಯಡಿ, ಕೊಟ್ಟು ಮುಂದೆ ಸಾಗುತ್ತಾರೆ. ಕೊರಗರ ಡೋಲಿನ ಮೇಲೆ ಲೇಖನ ಬರೆಯಲು ಉತ್ಸಾಹವಿದೆ. ಬಾರಿಸುವವರು ಏಕೆ ಕಡಿಮೆಯಾಗುತ್ತಿದ್ದಾರೆ ಎಂದು ಆ ಹಾಡಿಗಳ ಮನೆ ಮನೆಗೆ ಹೋಗಿ ಕೇಳಲು ಇಲ್ಲ.

ಮುಂದಿನ ಗಣತಿಯ ಉಲ್ಲೇಖ ದಿನಾಂಕ 2027ರ ಮಾರ್ಚ್ 1 ಎಂದು ಕೇಂದ್ರ ಸರಕಾರ 2025ರ ಜೂನಿನಲ್ಲಿ ಪ್ರಕಟಿಸಿದೆ. ಈ ಸಲ ಜಾತಿಯ ಎಣಿಕೆಯೂ ಇದೆ. 1931ರ ನಂತರ ಎಲ್ಲ ಜಾತಿಗಳ ಇಂಥ ಕೋಷ್ಟಕ ಗಣತಿಯಿಂದ ಪ್ರಕಟವಾಗಿಲ್ಲ. ಹೊಸ ಅಂಕಿ ಬಂದೊಡನೆ ಹೊಸ ಪ್ರಬಂಧಗಳು ಬರುತ್ತವೆ, ಅದರಲ್ಲಿ ಸಂಶಯವಿಲ್ಲ. ಆ ಫೆಬ್ರುವರಿಯಲ್ಲಿಯೂ ಮಲ್ಪೆಯ ಆಳಸಮುದ್ರದ ಬೋಟುಗಳು ಕಡಲಿನಲ್ಲಿರುತ್ತವೆ. ಅವುಗಳಲ್ಲಿ ದುಡಿಯುವ ಒಡಿಶಾ, ಆಂಧ್ರದ ಯುವಕರಲ್ಲಿ ಕೆಲವರಾದರೂ ಉಡುಪಿಯ ಗಂಡಸರ ಲೆಕ್ಕಕ್ಕೆ ಸೇರುತ್ತಾರೆ. ಅನುಪಾತ ಇನ್ನಷ್ಟು ಇಳಿದಿದ್ದರೆ ಅದರ ಕಾರಣವನ್ನು ಆ ಧಕ್ಕೆಯಲ್ಲಿಯೂ ಹುಡುಕಬೇಕಾಗುತ್ತದೆ. ಮೊದಲ ಅಧ್ಯಾಯ ಬರೆಯುವವರು ಒಂದು ಸಲವಾದರೂ ಅಲ್ಲಿಗೆ ಹೋಗಿ ಬರಲಿ.