ಗೃಹಕೃತ್ಯ: ಸವೆದ ಸೀಟನ್ನು ಬದಲಿಸುವ ಕಾಲ

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ಅನೇಕ ಮನೆಗಳಲ್ಲಿ ಬೈಸಿಕಲ್ಲು ಒಬ್ಬರ ಸೊತ್ತಲ್ಲ. ಬೆಳಗ್ಗೆ ಹಾಲಿನ ಕ್ಯಾನನ್ನು ಡೇರಿಗೆ ಹೊತ್ತ ಸೈಕಲ್ಲೇ ಹೊತ್ತೇರಿದ ಮೇಲೆ ಹುಡುಗನನ್ನು ಶಾಲೆಗೆ ಒಯ್ಯುವುದು. ಸಂಜೆ ಹುಲ್ಲಿನ ಹೊರೆಯೊಡನೆ ನಾಲೆಯ ಏರಿಯ ಮೇಲೆ ಹಿಂದಿರುಗುವುದು. 2006-07ನೆಯ ಸಾಲಿನಿಂದ ಸರ್ಕಾರವು 8ನೆಯ ತರಗತಿಯ ಮಕ್ಕಳಿಗೆ ಹಂಚಿದ ಸೈಕಲ್ಲುಗಳೂ ಅಕ್ಕನಿಂದ ತಮ್ಮನಿಗೆ, ತಮ್ಮನಿಂದ ತಂದೆಗೆ ಕೈ ಬದಲಾಯಿಸಿದುದುಂಟು. ಟಯರು ಕೆಟ್ಟರೆ ಗಾಳಿ ಇಳಿದು ತಿಳಿಸುವುದು. ಬ್ರೇಕು ಕೆಟ್ಟರೆ ಸದ್ದು ಮಾಡುವುದು. ಸೀಟು ಕೆಟ್ಟುದು ಮಾತ್ರ ಕುಳಿತವನಿಗೆ ಹೊರತು ಬೇರಾರಿಗೂ ತಿಳಿಯದು; ಅವನೋ ಹೇಳಿಕೊಳ್ಳಲು ನಾಚುವನು.

ನಮ್ಮ ಮನೆಯಲ್ಲಿಯೇ ನಡೆದುದನ್ನು ಹೇಳುವೆವು. ಹಳೆಯ ಸೈಕಲ್ಲಿನ ಸೀಟು ಹರಿದಿತ್ತು. ನಾವು ಟವಲನ್ನು ಮಡಿಸಿ ಕಟ್ಟಿ, ಮೇಲೊಂದು ಹೊಸ ಕವರು ತೊಡಿಸಿ, ಹಣ ಉಳಿಯಿತೆಂದು ಹಿಗ್ಗಿದೆವು. ಕೆಲವು ವಾರಗಳಲ್ಲಿ ಹುಡುಗನು ಸೈಕಲ್ಲನ್ನು ಬಿಟ್ಟು ನಡೆದೇ ಶಾಲೆಗೆ ಹೋಗತೊಡಗಿದನು. ನಡೆಯುವುದು ಮೈಗೆ ಒಳ್ಳೆಯದೆಂದು ಸುಮ್ಮನಿದ್ದೆವು. ಒಂದು ದಿನ ಅವನ ತಾಯಿಯು ಒಗೆಯಲು ತೆಗೆದ ಚಡ್ಡಿಯಲ್ಲಿ ರಕ್ತದ ಕಲೆ ಕಂಡಿತು. ಕವರು ಬಿಚ್ಚಿ ನೋಡಲಾಗಿ, ಒಳಗಿನ ತಗಡು ಸೀಳಿ ಅದರ ಅಂಚು ಮೇಲಕ್ಕೆ ಎದ್ದಿತ್ತು. ನಾವು ಹರಕನ್ನು ಮುಚ್ಚಿದ್ದೆವೇ ಹೊರತು ಒಳಗೆ ನೋಡಿರಲಿಲ್ಲ.

ಆದುದರಿಂದ ವಾಚಕರಲ್ಲಿ ನಮ್ಮ ಬಿನ್ನಹವಿಷ್ಟೆ: ತಿಂಗಳಿಗೊಮ್ಮೆ ಕವರು ಕಳಚಿ, ಸೈಕಲ್ಲನ್ನು ಪಕ್ಕಕ್ಕೆ ಒರಗಿಸಿ, ಸೀಟಿನ ಅಡಿಭಾಗವನ್ನು ಪರೀಕ್ಷಿಸಿರಿ. ಮೇಲಿನ ರೆಕ್ಸಿನ್ ಮಾತ್ರ ಹರಿದು ಸ್ಪಂಜು ದೃಢವಾಗಿದ್ದರೆ ಕವರು ಹಾಕಿ ಬಳಸಬಹುದು. ಹೆಬ್ಬೆರಳಿನಿಂದ ಒತ್ತಿದಾಗ ತಗಡು ತಾಗಿದರೆ, ಅಥವಾ ಒತ್ತಿದ ಗುಳಿ ಮೇಲೇಳದಿದ್ದರೆ, ಸೀಟನ್ನು ಬದಲಿಸತಕ್ಕದ್ದು. ಒಂದು ಸ್ಪ್ರಿಂಗು ಮಾತ್ರ ಮುರಿದಿದ್ದರೆ ಸೈಕಲ್ ಷಾಪಿನಲ್ಲಿ ಬೇರೆ ಹಾಕಿಸಬಹುದು. ಸೀಟನ್ನು ಹೊತ್ತ ಕಂಬಿಯಲ್ಲಿ ಬಿರುಕು ಕಂಡರೆ ಬೆಸುಗೆಯನ್ನು ನಂಬದೆ ಅಂದೇ ಬದಲಿಸಬೇಕು. ಅದು ಮುರಿಯುವುದು ಹೊರೆ ಹೊತ್ತು ತಗ್ಗಿಗೆ ಇಳಿಯುವಾಗಲೇ.

ತೊಗಲಿನ ಸೀಟಿನ ರೀತಿಯೇ ಬೇರೆ. ಬರ್ಮಿಂಗ್‌ಹ್ಯಾಮಿನ ಬ್ರೂಕ್ಸ್ ಎಂಬವರು ತಮ್ಮ ಸೀಟಿಗೆ 1882ರಲ್ಲಿ ಪೇಟೆಂಟು ಕೋರಿದಂದಿನಿಂದಲೂ ಅದರ ಗುಣ ಒಂದೇ: ಕುಳಿತವನ ಮೈಗೆ ತಕ್ಕಂತೆ ತಗ್ಗುವುದು. ತಂದೆಗೆ ಹಿತವಾದುದು ಮಗನಿಗೆ ಒತ್ತಬಹುದು. ಮೂತಿಯ ಕೆಳಗಿನ ನಟ್ಟನ್ನು ತುಸು ತಿರುಗಿಸಿದರೆ ತೊಗಲು ಬಿಗಿಯಾಗುವುದು. ನಟ್ಟು ಕೊನೆ ಮುಟ್ಟಿದರೂ ತೊಗಲು ಜೋತು ಕಂಬಿಗೆ ತಾಗಿದರೆ, ಅಥವಾ ರಿವೀಟಿನ ಸುತ್ತ ಸೀಳಿದರೆ, ಅದರ ಆಯುಸ್ಸು ಮುಗಿಯಿತೆಂದು ತಿಳಿಯಬೇಕು. ಮಳೆಯಲ್ಲಿ ನೆನೆದ ತೊಗಲಿನ ಮೇಲೆ ಕುಳಿತರೆ ಅದು ಬೇಗ ಜೋಲುವುದು. ಎಣ್ಣೆ ಅತಿಯಾದರೂ ಅದೇ ಗತಿ.

ಸೀಟು ನೆಟ್ಟಗಿದ್ದೂ ಜೋಮು ಹಿಡಿದರೆ ಮೊದಲು ಎತ್ತರವನ್ನು ಸರಿಪಡಿಸಿರಿ. ಪೆಡಲು ಕೆಳಗಿರುವಾಗ ಅದರ ಮೇಲೆ ಹಿಮ್ಮಡಿಯಿಟ್ಟರೆ ಕಾಲು ನೇರವಾಗಬೇಕು. ಸೀಟಿನ ಮೂತಿ ಮೇಲಕ್ಕೆ ಎತ್ತಿರಬಾರದು. ಆಮೇಲೂ ಜೋಮು ನಿಲ್ಲದಿದ್ದರೆ ಸೀಟು ಆ ಮೈಗೆ ಒಗ್ಗದೆಂದೇ ಅರ್ಥ. ಗಾಯವಾಗಲಿ ಜೋಮಾಗಲಿ ಉಳಿದರೆ ವೈದ್ಯರಿಗೆ ತೋರಿಸತಕ್ಕದ್ದು.

ಮಿತವ್ಯಯವು ಗೃಹಸ್ಥನಿಗೆ ಭೂಷಣವೇ ಸರಿ. ಆದರೆ ಸೀಟಿನಲ್ಲಿ ಉಳಿಸಿದ ಹಣವನ್ನು ಮಗುವಿನ ಮೈ ತೆರಬಾರದು. ಇಂದು ಸಂಜೆ ಸೈಕಲ್ಲು ಜಗಲಿಗೆ ಬಂದೊಡನೆ ಕವರು ಬಿಚ್ಚಿ ನೋಡಿರಿ. ಸವಾರಿ ಮಾಡಿದವನನ್ನು ಒಬ್ಬನೇ ಇರುವಾಗ ಕರೆದು ಕೇಳಿರಿ. ನಮ್ಮ ಹುಡುಗನು ಗಾಯ ಮಾಯ್ದು, ಹೊಸ ಸೀಟು ಬಂದ ಮೇಲೆ ತಾನಾಗಿಯೇ ಸೈಕಲ್ಲು ಹತ್ತಿದನು. ಆ ನೋವಿನ ಮಾತನ್ನು ಮಾತ್ರ ಇಂದಿಗೂ ಎತ್ತಿಲ್ಲ.