ಕರೆಗಾಗಿ ಕಾಯುವ ರಾತ್ರಿಗೆ ಸಂಬಳ ಬೇಡವೇ?

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ನರ್ಸ್ ಕೆಲಸಕ್ಕೆಂದು ಪರದೇಶಕ್ಕೆ ಹೋದ ಮಗಳೋ ಸೊಸೆಯೋ ಇರುವ ಮನೆಗಳು ಕಡಿಮೆಯಲ್ಲ. ಅವರೆಲ್ಲರೂ ದೊಡ್ಡ ಆಸ್ಪತ್ರೆಗಳಲ್ಲೇ ಇಲ್ಲ; ವೃದ್ಧರನ್ನೂ ಹಾಸಿಗೆ ಹಿಡಿದವರನ್ನೂ ವರ್ಷಗಟ್ಟಲೆ ನೋಡಿಕೊಳ್ಳುವ ಆರೈಕೆ ಕೇಂದ್ರಗಳಲ್ಲಿ ದುಡಿಯುವವರೂ ಇದ್ದಾರೆ. ಅಂಥಲ್ಲಿ ಪಾಳಿ ಮುಗಿದರೂ ಕೆಲವರ ಕೆಲಸ ಮುಗಿಯುವುದಿಲ್ಲ. ಫೋನನ್ನು ತಲೆದಿಂಬಿನ ಬಳಿ ಇಟ್ಟು ಮಲಗಬೇಕು, ಕರೆ ಬಂದರೆ ಏಳಬೇಕು. ಇದೇ 'ಆನ್ ಕಾಲ್' ಡ್ಯೂಟಿ. ಈ ಹೊತ್ತಿಗೆ ಸಂಬಳ ಉಂಟೇ ಎಂಬುದು ಪ್ರಶ್ನೆ.

ಅಮೆರಿಕದ ಉದಾಹರಣೆ ನೋಡೋಣ. ಅಲ್ಲಿನ ನರ್ಸಿಂಗ್ ಹೋಮ್‌ಗಳಲ್ಲಿ ರಿಜಿಸ್ಟರ್ಡ್ ನರ್ಸ್ ದಿನಕ್ಕೆ ಸತತ 8 ಗಂಟೆ ಇದ್ದರೆ ಸಾಕೆಂದು 1987ರ ಸಂಯುಕ್ತ ಕಾನೂನು ಹೇಳುತ್ತದೆ. ಉಳಿದ ಹೊತ್ತು ಕಡಿಮೆ ತರಬೇತಿಯ ಲೈಸೆನ್ಸ್ಡ್ ನರ್ಸ್‌ಗಳು ನಡೆಸಬಹುದು. ರಾತ್ರಿ ಅಜ್ಜಿಯೊಬ್ಬರು ಬಿದ್ದರೆ ಮನೆಯಲ್ಲಿರುವ ಹಿರಿಯ ನರ್ಸ್‌ಗೆ ಫೋನ್ ಹೋಗುತ್ತದೆ. ದಿನದ 24 ಗಂಟೆಯೂ ರಿಜಿಸ್ಟರ್ಡ್ ನರ್ಸ್ ಇರಲೇಬೇಕೆಂದು 2024ರಲ್ಲಿ ಬಂದ ನಿಯಮವನ್ನು 2025ರ ಏಪ್ರಿಲ್‌ನಲ್ಲಿ ಟೆಕ್ಸಾಸ್‌ನ ಸಂಯುಕ್ತ ನ್ಯಾಯಾಲಯ ರದ್ದುಪಡಿಸಿತು. ಡಿಸೆಂಬರ್‌ನಲ್ಲಿ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ನರ್ಸ್‌ಗಳ ಕೊರತೆ, ಖರ್ಚಿನ ಹೊರೆ ಎಂಬುದು ಮಾಲೀಕರ ವಾದ. ಅದರಲ್ಲಿ ನಿಜವೂ ಇದೆ. ಆದರೆ ಕೊರತೆಯ ಭಾರ ಮಾತ್ರ ಫೋನ್ ಹಿಡಿದು ಮಲಗುವವಳ ಮೇಲೆ ಬೀಳುತ್ತದೆ.

ಕಾಯುವ ಹೊತ್ತಿನ ಬಗ್ಗೆ ಅಲ್ಲಿನ ಕಾನೂನಿಗೆ ಒಂದು ಅಳತೆ ಇದೆ. ಕೇಂದ್ರದಲ್ಲೇ ಉಳಿಯಬೇಕಾದರೆ, ಅಥವಾ ತನ್ನ ಸ್ವಂತ ಕೆಲಸಕ್ಕೆ ಹೊತ್ತನ್ನು ಬಳಸಲಾಗದಷ್ಟು ಹತ್ತಿರ ಇರಬೇಕಾದರೆ, ಅದು ದುಡಿಮೆ. ಎಲ್ಲಿ ಸಿಗುತ್ತೇನೆಂದು ತಿಳಿಸಿ ಮನೆಯಲ್ಲಿದ್ದರೆ ಅದು ದುಡಿಮೆಯಲ್ಲ. ತಿಂಗಳ ಸಂಬಳದ ರಿಜಿಸ್ಟರ್ಡ್ ನರ್ಸ್‌ಗೆ ಸಾಮಾನ್ಯವಾಗಿ ಓವರ್‌ಟೈಮ್ ಕೂಡ ಇಲ್ಲ. ಯುರೋಪಿಯನ್ ನ್ಯಾಯಾಲಯ 2000 ಮತ್ತು 2003ರಲ್ಲಿ ವೈದ್ಯರ ಪ್ರಕರಣಗಳಲ್ಲಿ, ಕೆಲಸದ ಜಾಗದಲ್ಲೇ ಕಾಯುವ ಹೊತ್ತು, ನಿದ್ರಿಸಿದರೂ, ಕೆಲಸದ ಹೊತ್ತೇ ಎಂದಿತು. ಬ್ರಿಟನ್ನಿನ ಸುಪ್ರೀಂ ಕೋರ್ಟ್ ಮಾತ್ರ 2021ರಲ್ಲಿ, ಅಲ್ಲೇ ಮಲಗುವ ಆರೈಕೆ ಕೆಲಸಗಾರರು ಕರೆಗೆ ಎದ್ದ ಹೊತ್ತಿಗಷ್ಟೇ ಕನಿಷ್ಠ ವೇತನಕ್ಕೆ ಅರ್ಹರು ಎಂದು ತೀರ್ಪಿತ್ತಿತು. ಹೊರದೇಶಕ್ಕೆ ಹೊರಡುವ ನಮ್ಮ ಮಕ್ಕಳು ಕರಾರಿಗೆ ಸಹಿ ಹಾಕುವ ಮೊದಲು ಈ ಅಂಶವನ್ನು ಓದಿ ನೋಡಲಿ.

ಪರದೇಶದ ಮಾತು ಅಷ್ಟಕ್ಕಿರಲಿ. ನಮ್ಮದೇ ವೃದ್ಧಾಶ್ರಮಗಳಲ್ಲಿ ಏನು ನಡೆಯುತ್ತಿದೆ? ಆವರಣದ ಕೋಣೆಯಲ್ಲೇ ತಂಗುವ ನರ್ಸನ್ನು ರಾತ್ರಿ ಎರಡಕ್ಕೆ ಎಬ್ಬಿಸಿ, ಬೆಳಗ್ಗೆ ಏಳಕ್ಕೆ ಮತ್ತೆ ಕೆಲಸಕ್ಕೆ ನಿಲ್ಲಿಸಿ, ಅದನ್ನು 'ಸೇವೆ' ಎಂದು ಕರೆದು ಸುಮ್ಮನಾಗುವುದು ಸುಲಭ. ವ್ರತ ತೊಟ್ಟ ಧರ್ಮಭಗಿನಿಯರ ತ್ಯಾಗ ಅವರೇ ಆರಿಸಿಕೊಂಡದ್ದು. ಆದರೆ ಮನೆ ನಡೆಸಲು ದುಡಿಯುವ ಹುಡುಗಿಯಿಂದ ಅದೇ ತ್ಯಾಗವನ್ನು ಕೇಳುವ ಹಕ್ಕು ನಮಗಿಲ್ಲ. ನ್ಯಾಯವಾದ ಕೂಲಿಯ ಬಗ್ಗೆ ಪೋಪ್ ಹದಿಮೂರನೇ ಲಿಯೋ 1891ರಲ್ಲೇ ವಿಶ್ವಪತ್ರ ಬರೆದರು. ಅದನ್ನು ಪೀಠದಿಂದ ಬೋಧಿಸುವ ನಾವು ನಮ್ಮ ಸಂಸ್ಥೆಗಳ ಸಂಬಳದ ಪುಸ್ತಕವನ್ನೂ ತೆರೆದು ನೋಡಬೇಕು.

ಮಾಡಬೇಕಾದದ್ದು ಬಹಳವಿಲ್ಲ. ಕರೆಗೆ ಕಾಯುವ ಸರದಿಯನ್ನು ತಿಂಗಳ ಮೊದಲೇ ಬರೆದು ಹಾಕೋಣ. ಕಾಯುವ ರಾತ್ರಿಗೆ ಒಂದು ನಿಗದಿತ ಭತ್ಯೆ, ಎದ್ದು ದುಡಿದ ಗಂಟೆಗೆ ಪೂರ್ಣ ಸಂಬಳ, ಮರುದಿನ ಬೆಳಗ್ಗೆ ವಿಶ್ರಾಂತಿ ಕೊಡೋಣ. ಹಣ ಸಾಲದಿದ್ದರೆ ಪಾಲನಾ ಮಂಡಳಿಯ ಮುಂದಿಟ್ಟು ದಾನಿಗಳನ್ನು ಕೇಳೋಣ. ಕಟ್ಟಡಕ್ಕೆ ಕೈಬಿಚ್ಚಿ ಕೊಡುವ ನಮ್ಮ ಜನ ಇದಕ್ಕೂ ಕೊಟ್ಟಾರು. ನಿದ್ದೆಗೆಟ್ಟ ನರ್ಸ್ ಕೈಯಲ್ಲಿ ಔಷಧದ ಲೆಕ್ಕ ತಪ್ಪಿದರೆ ಅನುಭವಿಸುವವರು ನಮ್ಮ ಹಿರಿಯರೇ ಎಂಬುದನ್ನು ಮರೆಯದಿರೋಣ.