ಬಚ್ಚಲುಮನೆಯ ಗಾಳಿಕಿಂಡಿ

ಕಳೆದ ಪುಷ್ಯಮಾಸದಲ್ಲಿ ನಾಗರಬಾವಿಯ ನಮ್ಮ ಬೀದಿಯ ತಾಯಿಯೊಬ್ಬರು ಒಂದು ಸಂದೇಹವನ್ನು ಹೊತ್ತು ಮನೆಗೆ ಬಂದರು. ಅವರ ಮಗ ಅಮೆರಿಕದ ಷಿಕಾಗೋ ನಗರದಲ್ಲಿದ್ದಾನೆ. ಕಡುಚಳಿಯ ರಾತ್ರಿಗಳಲ್ಲಿ ಅಲ್ಲಿ ನಲ್ಲಿಯನ್ನು ಸಣ್ಣಗೆ ಹನಿಯಲು ಬಿಟ್ಟು ಮಲಗುತ್ತಾರಂತೆ. “ನಾವೂ ಹಾಗೆ ಮಾಡಬೇಕೇ, ಶಾಸ್ತ್ರಿಗಳೇ?” ಎಂದು ಕೇಳಿದರು.

ನೀರು ಹೆಪ್ಪುಗಟ್ಟಿದಾಗ ಸುಮಾರು ನೂರಕ್ಕೆ 9 ಭಾಗ ಹಿಗ್ಗಿ ಕೊಳವೆಯನ್ನೇ ಸೀಳಬಲ್ಲದು. ಆ ಭಯದಿಂದ ಅವರು ನೀರನ್ನು ಚಲನೆಯಲ್ಲಿಡುತ್ತಾರೆ. ನಮ್ಮ ಬೆಂಗಳೂರಿನಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣತೆ 1884ರ ಜನವರಿ 13ರಂದು 7.8 ಡಿಗ್ರಿ ಸೆಲ್ಸಿಯಸ್. ಸೊನ್ನೆಯವರೆಗೆ ನಾವು ಎಂದೂ ಇಳಿದವರಲ್ಲ. ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲೆತ್ತಿ ತಂದ ಕಾವೇರಿಯ ನೀರನ್ನು ಇಲ್ಲಿ ಹನಿಯಬಿಡುವುದು ಬರಿಯ ಅಪವ್ಯಯವೆಂದು ಅವರಿಗೆ ಹೇಳಿದೆ.

ಆದರೆ ಚಳಿಗಾಲದಲ್ಲಿ ನಮ್ಮ ಬಚ್ಚಲಿಗೂ ಒಂದು ಆಪತ್ತುಂಟು. ಅದನ್ನು ತಂದುಕೊಂಡವರಲ್ಲಿ ನಾನೂ ಒಬ್ಬ. ಕೆಲವು ವರ್ಷಗಳ ಹಿಂದೆ ನಸುಕಿನ ಸ್ನಾನಕ್ಕೆ ಗಾಳಿ ಕೊರೆಯುತ್ತದೆಂದು ಬಚ್ಚಲಿನ ಗಾಳಿಕಿಂಡಿಗೆ ನನ್ನ ಕೈಯಿಂದಲೇ ರಟ್ಟು ಕಟ್ಟಿದೆ. ಒಳಗೆ ಗ್ಯಾಸ್ ಗೀಸರ್ ಇತ್ತು. ಮೂರನೆಯ ದಿನ ಮೊಮ್ಮಗಳು ತಲೆ ಸಿಡಿಯುತ್ತಿದೆಯೆಂದು ಗೋಡೆ ಹಿಡಿದು ಹೊರಬಂದು ಕುಸಿದಳು. ಬಾಗಿಲಿನ ಅಗುಳಿಯನ್ನು ತಾನೇ ತೆಗೆಯುವಷ್ಟು ಶಕ್ತಿ ಆಕೆಯಲ್ಲಿ ಉಳಿದಿದ್ದುದೇ ನಮ್ಮ ಪುಣ್ಯ.

ಸಣ್ಣ ಕೋಣೆಯಲ್ಲಿ ಜ್ವಾಲೆಗೆ ಆಮ್ಲಜನಕ ಸಾಲದಾದಾಗ ಇಂಧನ ಪೂರ್ಣವಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ ಹುಟ್ಟುತ್ತದೆ. ಅದು ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಬಿಗಿದಪ್ಪಿಕೊಳ್ಳುತ್ತದೆ. “ಗ್ಯಾಸ್ ಸೋರಿದರೆ ವಾಸನೆ ಬರುವುದಲ್ಲವೇ?” ಎಂದು ಹಲವರು ಕೇಳುತ್ತಾರೆ. ಸಿಲಿಂಡರಿನ ಅನಿಲಕ್ಕೆ ಆ ದುರ್ವಾಸನೆಯನ್ನು ಬೇಕೆಂದೇ ಬೆರೆಸಿರುತ್ತಾರೆ. ಉರಿದ ಬಳಿಕ ಹುಟ್ಟುವ ಈ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಾನು ಓದಿದ ಮಠದ ಪ್ರಸಾದನಿಲಯದಲ್ಲಿ ತಾಮ್ರದ ಹಂಡೆಯ ಕೆಳಗೆ ಸೌದೆ ಉರಿಯುತ್ತಿತ್ತು. ಹೊಗೆ ಕಣ್ಣಿಗೆ ನಾಟಿದೊಡನೆ ಯಾರಾದರೊಬ್ಬರು ಬಾಗಿಲು ತೆರೆಯುತ್ತಿದ್ದರು. ಆ ಹೊಗೆಯನ್ನು ನಾವು ಎಷ್ಟು ಬೈದಿದ್ದೆವೋ!

ಆದಕಾರಣ ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವೆಡೆಯಲ್ಲಿ ಕೂರಿಸುವುದೇ ಲೇಸು. ಅದು ಆಗುವವರೆಗೆ ಬಾಗಿಲು, ಕಿಟಕಿ ತೆರೆದಿಟ್ಟು ಬಕೆಟ್ಟುಗಳಿಗೆ ಬಿಸಿನೀರು ತುಂಬಿಸಿ, ಗೀಸರನ್ನು ಆರಿಸಿ, ಕೋಣೆಯಲ್ಲಿ ಗಾಳಿಯಾಡಿದ ಮೇಲೆ ಸ್ನಾನಕ್ಕಿಳಿಯಬೇಕು. ನೀಲಿಯಾಗಿರಬೇಕಾದ ಜ್ವಾಲೆ ಹಳದಿಯಾದರೆ ಅದನ್ನು ಬಳಸಲೇಬೇಡಿ. ಒಳಗಿದ್ದವರು ಕರೆದರೆ ಓಗೊಡದಿದ್ದಲ್ಲಿ ಬಾಗಿಲು ತೆರೆಸಿ, ಹೊರಗಿನ ಗಾಳಿಗೆ ತಂದು, 108ಕ್ಕೆ ಕರೆಮಾಡಬೇಕು. ನೀರು ಚಿಮುಕಿಸುತ್ತಾ ಕುಳಿತು ಕಾಲ ಕಳೆಯಲಾಗದು.

ಅಡಿಗೆಮನೆಯ ಮಾತು ಸಣ್ಣದು. ಚಳಿಯಲ್ಲಿ ತುಪ್ಪ, ಕೊಬ್ಬರಿ ಎಣ್ಣೆಗಳು ಸಿಂಕಿನ ಕೊಳವೆಯೊಳಗೆ ಗಟ್ಟಿಯಾಗಿ ಅನ್ನದಗುಳನ್ನು ಹಿಡಿದುಕೊಳ್ಳುತ್ತವೆ. ಸಂಕ್ರಾಂತಿಯ ಅಡಿಗೆಯ ಬಾಣಲೆಯನ್ನು ಮೊದಲು ಕಾಗದದಿಂದ ಒರೆಸಿ, ಆಮೇಲೆ ತೊಳೆದರಾಯಿತು.

ವಿದ್ಯುತ್ ಗೀಸರಿನ ಬಗೆಗೂ ಒಂದು ವಿಷಯ ತಿಳಿದಿರಬೇಕು. ಕೊಳವೆಬಾವಿಯ ಗಡಸು ನೀರು ಕಾದಾಗ ಅದರಲ್ಲಿನ ಸುಣ್ಣ ಕಾಯಿಸುವ ಸುರುಳಿಗೆ ಗಾರೆಯಂತೆ ಕಟ್ಟುತ್ತದೆ. ನೀರು ಕಾಯುವುದು ತಡವಾಗಿ ಕೊನೆಗೆ ಸುರುಳಿಯೇ ಸುಡುತ್ತದೆ. ಚಳಿಗೆ ಮುನ್ನ ಒಮ್ಮೆ ಬಿಚ್ಚಿಸಿ ಶುಚಿಮಾಡಿಸುವುದು ಒಳಿತು. ಆಗಲೇ ಸುರಕ್ಷತಾ ವಾಲ್ವನ್ನೂ ನೋಡಿಸಬೇಕು. ನೀರು 20 ಡಿಗ್ರಿಯಿಂದ 60ಕ್ಕೆ ಏರುವಾಗ ನೂರಕ್ಕೆ ಸುಮಾರು ಒಂದೂವರೆ ಭಾಗ ಹಿಗ್ಗುತ್ತದೆ. ಆ ಒತ್ತಡವನ್ನು ಹೊರಬಿಡಲು ವಾಲ್ವು ಕೆಲವು ಹನಿ ಸುರಿಸುವುದು ಸಹಜ. ಸತತವಾಗಿ ಸುರಿದರೆ ಮಾತ್ರ ದೋಷವೆಂದು ತಿಳಿಯಬೇಕು.

ಈ ಮಾತು ಕೇಳುತ್ತಲೇ ಆ ತಾಯಿ ಬೆಚ್ಚಿದರು. ಹನಿ ಬೀಳುತ್ತದೆಂದು ಅವರ ಮನೆಯ ವಾಲ್ವಿನ ಬಾಯಿಗೆ ಯಾರೋ ಮರದ ಬೆಣೆ ಹೊಡೆದಿದ್ದರಂತೆ. ಅಂದು ಸಂಜೆಯೇ ಪ್ಲಂಬರನನ್ನು ಕರೆಸಿ ಬೆಣೆ ತೆಗೆಸಿ, ಹೊಸ ವಾಲ್ವು ಹಾಕಿಸಿದರು.